ಕಾಯಬಲ್ಲವರು, ಕಾಯಲಾರದವರು



ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಮಲವಗೊಪ್ಪವನ್ನು ನೀವು ನೋಡಿರಬಹುದು. ಒಂದು ಕಾಲದಲ್ಲಿ ಕಬ್ಬಿನ ಗಾಡಿಗಳು ಬಂದು ನಿಲ್ಲುತ್ತಿದ್ದ ಊರು ಅದು. ಅಲ್ಲಿನ ಸಕ್ಕರೆ ಕಾರ್ಖಾನೆ ನಿಂತು ಬಹಳ ವರ್ಷಗಳಾದವು. ಅದೇ ದಾರಿಯಲ್ಲಿ ಮುಂದೆ ಸಾಗಿದರೆ, 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿ. ಅಲ್ಲಿನ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತದ್ದನ್ನು ನಾವೆಲ್ಲ ಕಂಡಿದ್ದೇವೆ. ಹೀಗೆ ಈ ಕೆಲವೇ ಮೈಲಿಗಳ ರಸ್ತೆಯಲ್ಲಿ ಬದುಕುವವರಿಗೆ ಕಾಯುವುದು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಮಾತ್ರ ಅದನ್ನು ಒಬ್ಬರು ಹೇಳಿಕೊಡಬೇಕಾಯಿತು.

ಗುರುದೀಕ್ಷೆಯಾಗಿ ಕೆಲವೇ ವರ್ಷಗಳಾಗಿದ್ದ ಕಾಲ. ಮಲವಗೊಪ್ಪದ ಒಂದು ಮನೆಗೆ ಭೇಟಿ ನೀಡಿದ್ದೆ. ಮನೆಯ ಯಜಮಾನರು ಈ ದಾರಿಯ ಒಂದು ಕಾರ್ಖಾನೆಯಲ್ಲಿ ದುಡಿದವರು. ಕೆಲಸ ಹೋಗಿತ್ತು, ಬರಬೇಕಾದ ಹಣ ಬಂದಿರಲಿಲ್ಲ. ಇತ್ಯರ್ಥಕ್ಕೆ ಒಪ್ಪಿ ಅರ್ಧಕ್ಕಿಂತ ಕಡಿಮೆ ಪಡೆಯಬೇಕೋ, ಪೂರ್ತಿ ಹಣಕ್ಕಾಗಿ ಕಾಯಬೇಕೋ ಎಂಬುದು ಅವರ ಚಿಂತೆ. ನಾನು ಗುರುಮಠದಲ್ಲಿ ಕಲಿತ ಗಾಂಭೀರ್ಯದಿಂದಲೇ, "ಅವಸರ ಬೇಡ, ತಾಳ್ಮೆಯಿಂದಿರಿ. ನ್ಯಾಯ ನಿಮ್ಮ ಕಡೆಗಿದೆ" ಎಂದೆ. ಅವರು ಸ್ವಲ್ಪ ಹೊತ್ತು ನೆಲ ನೋಡುತ್ತಿದ್ದು, "ತಾಳ್ಮೆಗೂ ಮನೇಲಿ ಅಕ್ಕಿ ಇರಬೇಕು, ಫಾದರ್" ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಮರುವಾರ ಅವರು ಕಡಿಮೆ ಹಣಕ್ಕೇ ಸಹಿ ಹಾಕಿದರು.

ಆ ಮಾತಿಗೆ ಉತ್ತರವನ್ನು ನಾನು ಪವಿತ್ರ ಗ್ರಂಥದಲ್ಲಿ ಹುಡುಕಬೇಕಿತ್ತು. ಆದರೆ ಮೊದಲು ಸಿಕ್ಕಿದ್ದು ನಿರೀಕ್ಷೆಯೇ ಇಲ್ಲದ ಕಡೆಯಲ್ಲಿ. ತತ್ತ್ವಶಾಸ್ತ್ರದ ವರ್ಷಗಳಲ್ಲಿ ಆಡಂ ಸ್ಮಿತ್‌ನ ಹೆಸರನ್ನು ಒಂದೇ ಒಂದು ತರಗತಿಯಲ್ಲಿ ಕೇಳಿದ್ದೆವು. ಅರ್ಥಶಾಸ್ತ್ರದ ಪಿತಾಮಹ, ಸ್ವಾರ್ಥವೇ ಸಂಪತ್ತಿನ ಮೂಲವೆಂದವನು ಎಂದು ಬರೆದುಕೊಂಡು ಪರೀಕ್ಷೆ ಮುಗಿಸಿದ್ದೆವು. ಅನೇಕ ವರ್ಷಗಳ ನಂತರ, 1776ರಲ್ಲಿ ಪ್ರಕಟವಾದ ಅವನ 'ರಾಷ್ಟ್ರಗಳ ಸಂಪತ್ತು' ಕೈಗೆ ಬಂತು. ಮೊದಲ ಭಾಗದ ಎಂಟನೆಯ ಅಧ್ಯಾಯ ಕೂಲಿಯನ್ನು ಕುರಿತದ್ದು. ಅದನ್ನು ಓದುತ್ತಾ ಮಲವಗೊಪ್ಪದ ಆ ಮನೆ ಕಣ್ಣ ಮುಂದೆ ಬಂತು.

ಸ್ಮಿತ್ ಅಲ್ಲಿ ಹೇಳುವ ವಿಚಾರ ಇಷ್ಟು. ಮಾಲೀಕನಿಗೂ ಕೆಲಸಗಾರನಿಗೂ ಕೂಲಿಯ ವಿಷಯದಲ್ಲಿ ಜಗಳವಾದಾಗ ಗೆಲ್ಲುವವನು ನ್ಯಾಯವಿರುವವನಲ್ಲ, ಕಾಯಬಲ್ಲವನು. ಮಾಲೀಕನು ಒಬ್ಬ ಆಳನ್ನೂ ಇಟ್ಟುಕೊಳ್ಳದೆ, ಕೂಡಿಟ್ಟ ಬಂಡವಾಳದಲ್ಲಿ ಒಂದೆರಡು ವರ್ಷ ಬದುಕಬಲ್ಲ. ಕೆಲಸಗಾರರಲ್ಲಿ ಅನೇಕರು ಒಂದು ವಾರವೂ ತಾಳಲಾರರು; ತಿಂಗಳು ತಾಳುವವರು ಕೆಲವರು, ವರ್ಷ ತಾಳುವವರು ಇಲ್ಲವೆನ್ನುವಷ್ಟು ಕಡಿಮೆ. ದೂರದ ಲೆಕ್ಕದಲ್ಲಿ ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು. ಆದರೆ ಆ ಅಗತ್ಯದ ತುರ್ತು ಇಬ್ಬರಿಗೂ ಒಂದೇ ಅಲ್ಲ. ಮಾಲೀಕರು ಕೂಲಿ ಏರದಂತೆ ಸದ್ದಿಲ್ಲದೆ ಒಂದಾಗಿರುತ್ತಾರೆ, ಅಂದಿನ ಕಾನೂನು ಮಾತ್ರ ಕೆಲಸಗಾರರು ಒಂದಾಗುವುದನ್ನೇ ಶಿಕ್ಷಿಸುತ್ತದೆ ಎಂಬುದನ್ನೂ ಅವನು ಮುಚ್ಚಿಡಲಿಲ್ಲ. ನಾನು ಲಾಭದ ವಕೀಲನೆಂದು ಭಾವಿಸಿದ್ದವನು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ಅಲ್ಲಿದ್ದಾಗಲೇ, 1759ರಲ್ಲಿ, ಪರರ ನೋವಿಗೆ ಮಿಡಿಯುವ ಮನುಷ್ಯಸ್ವಭಾವವನ್ನು ಕುರಿತು ಗ್ರಂಥ ಬರೆದವನು.

ಇನ್ನೊಂದು ಸಂಗತಿಯೂ ನನ್ನನ್ನು ಚುಚ್ಚಿತು. "ಗುರುಗಳಿಗೆ ಹಣಕಾಸಿನ ವಿಷಯವೇಕೆ?" ಎಂದು ನಮ್ಮಲ್ಲಿ ಕೇಳುವವರಿದ್ದಾರೆ. ಆದರೆ ಆ ಶತಮಾನದಲ್ಲಿ ವ್ಯಾಪಾರ, ನಾಣ್ಯ, ಬಡತನಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದವರಲ್ಲಿ ಆಂಗ್ಲಿಕನ್ ಸಭೆಯ ಗುರುಗಳೇ ಹಲವರು. ಐರ್ಲೆಂಡಿನ ಕ್ಲಾಯ್ನ್ ಎಂಬಲ್ಲಿ ಬಿಷಪರಾಗಿದ್ದ ಜಾರ್ಜ್ ಬರ್ಕ್ಲಿ 1735ರಿಂದ 1737ರವರೆಗೆ ಪ್ರಕಟಿಸಿದ ಕೃತಿಯಲ್ಲಿ ಬರೀ ಪ್ರಶ್ನೆಗಳೇ ಇವೆ. ಜನ ಹಸಿದಿರುವಾಗ ನಾಡು ಶ್ರೀಮಂತವೆನಿಸೀತೇ ಎಂಬ ಧಾಟಿಯ ನೂರಾರು ಪ್ರಶ್ನೆಗಳು. ಡಬ್ಲಿನ್ನಿನ ಪ್ರಧಾನಾಲಯದ ಡೀನ್ ಜೊನಾಥನ್ ಸ್ವಿಫ್ಟ್ 1729ರಲ್ಲಿ, ಬಡವರ ಮಕ್ಕಳನ್ನು ಮಾಂಸವಾಗಿ ಮಾರಿದರೆ ದೇಶಕ್ಕೆಷ್ಟು ಲಾಭವೆಂದು ಗಂಭೀರ ಲೆಕ್ಕ ಹಾಕಿದಂತೆ ನಟಿಸಿ, ಮನುಷ್ಯರನ್ನು ಬರಿಯ ಅಂಕಿಗಳಾಗಿ ಕಾಣುವವರ ಮುಖಕ್ಕೆ ಕನ್ನಡಿ ಹಿಡಿದರು.

ಗುರುವಸ್ತ್ರ ತೊಟ್ಟ ಮಾತ್ರಕ್ಕೆ ಕಣ್ಣು ತೆರೆಯುತ್ತದೆಂದಲ್ಲ. 1798ರಲ್ಲಿ ಜನಸಂಖ್ಯೆಯನ್ನು ಕುರಿತು ಬರೆದ ಮಾಲ್ಥಸ್ ಕೂಡ ಗುರುವೇ. 1803ರ ಆವೃತ್ತಿಯಲ್ಲಿ ಅವನು, ದುಡಿಮೆಗೆ ಬೇಡಿಕೆಯಿಲ್ಲದವನಿಗೆ ಪ್ರಕೃತಿಯ ಔತಣದಲ್ಲಿ ಎಲೆ ಹಾಕಿಲ್ಲವೆಂಬ ಅರ್ಥದ ಮಾತು ಬರೆದ. ಮುಂದಿನ ಆವೃತ್ತಿಗಳಲ್ಲಿ ಅದನ್ನು ತೆಗೆದುಹಾಕಿದ. ದಿನವೂ ಬಲಿಪೀಠದಲ್ಲಿ ಎಲ್ಲರಿಗಾಗಿ ಮುರಿಯಲ್ಪಟ್ಟ ರೊಟ್ಟಿಯನ್ನು ಎತ್ತಿ ಹಿಡಿಯುವ ನಮಗೆ ಆ ಮಾತು ಎಚ್ಚರಿಕೆಯಾಗಬೇಕು.

ಇದೆಲ್ಲ ದೂರದ ದೇಶದ ಕಥೆ ಎನ್ನಬೇಡಿ. 1770ರ ಬಂಗಾಳದ ಕ್ಷಾಮವನ್ನು ಸ್ಮಿತ್ ಹೆಸರಿಸಿ, ಅಭಾವವಾಗಿದ್ದುದು ಕ್ಷಾಮವಾಗಲು ಈಸ್ಟ್ ಇಂಡಿಯಾ ಕಂಪನಿಯ ನೌಕರರು ಅಕ್ಕಿಯ ವ್ಯಾಪಾರಕ್ಕೆ ಹಾಕಿದ ಕಟ್ಟುಗಳು ಕಾರಣವಾಗಿರಬಹುದೆಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದೇ ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಗೆ ಕಳುಹಿಸಿದ. 1801ರಲ್ಲಿ ಅವನು ನಗರದ ಕಡೆಯಿಂದ ನಮ್ಮ ಶಿವಮೊಗ್ಗಕ್ಕೂ ಬಂದ. ಬೆಳೆ, ಬೆಲೆ, ಗೇಣಿ, ಕೂಲಿ, ಹೀಗೆ ಕಂಡದ್ದನ್ನೆಲ್ಲ ಬರೆದುಕೊಂಡ. ಮಾಗಡಿಯ ಕಡೆ ಕಬ್ಬಿಣ ಕರಗಿಸುವವರ ಒಲೆ, ತಿದಿ, ಇದ್ದಿಲುಗಳನ್ನೂ ಬಿಡಲಿಲ್ಲ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆ ವರದಿಯಿಂದ ನಮ್ಮ ಇತಿಹಾಸಕಾರರಿಗೆ ಬಹಳ ಉಪಕಾರವಾಗಿದೆ. ಆದರೆ ಆ ಲೆಕ್ಕ ಬರೆಸಿದ್ದು ಹೊಸದಾಗಿ ಗೆದ್ದ ನಾಡಿನಿಂದ ಏನು ಸಿಕ್ಕೀತೆಂದು ತಿಳಿಯಲು. ಲೆಕ್ಕವನ್ನು ಯಾರಿಗಾಗಿ ಇಡುತ್ತೇವೆ ಎಂಬುದೂ ಒಂದು ನೀತಿಯ ಪ್ರಶ್ನೆಯೇ ಅಲ್ಲವೇ?

ಈ ಓದಿನ ನಂತರ ಪವಿತ್ರ ಗ್ರಂಥಕ್ಕೆ ಮರಳಿದಾಗ, ಹಲವು ಬಾರಿ ಓದಿದ್ದ ಮಾತುಗಳು ಹೊಸದಾಗಿ ಕೇಳಿಸಿದವು. ಬಡ ಕೂಲಿಯಾಳಿನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಎಷ್ಟು ಕೊಡಬೇಕೆನ್ನುವುದಷ್ಟೇ ಅಲ್ಲ, ಯಾವಾಗ ಕೊಡಬೇಕೆನ್ನುವುದೂ ದೇವರಿಗೆ ಮುಖ್ಯ. ಏಕೆಂದರೆ ಆ ಬಡವನ ಮನಸ್ಸೆಲ್ಲ ಆ ಕೂಲಿಯ ಮೇಲೆಯೇ ಇರುತ್ತದೆ. ದ್ರಾಕ್ಷಿತೋಟದ ಸಾಮತಿಯಲ್ಲಿ ಸಂಜೆಯವರೆಗೂ ಪೇಟೆಯಲ್ಲಿ ನಿಂತವರು ಸೋಮಾರಿಗಳಲ್ಲ. ಯಾರೂ ಕರೆಯದೆ ಕಾಯುತ್ತಿದ್ದವರು. ಒಡೆಯ ಅವರಿಗೂ ಪೂರ್ತಿ ದಿನದ ಕೂಲಿ ಕೊಟ್ಟ, ಅವರ ಮನೆಯ ಹಸಿವಿಗೂ ಪೂರ್ತಿ ದಿನವಾಗಿತ್ತಲ್ಲ! 1891ರಲ್ಲಿ ವಿಶ್ವಗುರು ಹದಿಮೂರನೆಯ ಲಿಯೋ ಅವರು 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ, ಬೇರೆ ದಾರಿಯಿಲ್ಲದೆ ಒಪ್ಪಿದ ಒಪ್ಪಂದವು ಬಲಾತ್ಕಾರವೇ ಎಂದು ಬೋಧಿಸಿದರು. ಮಲವಗೊಪ್ಪದ ಯಜಮಾನರು ಹಾಕಿದ ಸಹಿಯನ್ನು ನಾನು ಬಹುಕಾಲ ಅವರ ಅವಸರವೆಂದೇ ತಿಳಿದಿದ್ದೆ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಕಾಂಪೌಂಡು ಕಟ್ಟಿದ ಮೇಸ್ತ್ರಿ ಬಾಕಿ ಹಣ ಕೇಳಲು ಬಂದಾಗ, "ಹಬ್ಬ ಮುಗಿಯಲಿ, ಆಮೇಲೆ ಬನ್ನಿ" ಎಂದಿದ್ದೆ. ಹಬ್ಬಕ್ಕೆ ದೀಪಾಲಂಕಾರವಾಯಿತು, ಊಟವಾಯಿತು. ಅವರು ಮೂರು ಸಲ ಬಂದು ಹೋದರು, ನಾಲ್ಕನೆಯ ಸಲಕ್ಕೆ ಹಣ ಕೊಟ್ಟೆ. ಆ ವರ್ಷದ ಲೆಕ್ಕಪತ್ರದಲ್ಲಿ ಎಲ್ಲವೂ ಸರಿಯಾಗಿತ್ತು. ಅವರ ಮನೆಯವರು ಆ ಮೂರು ವಾರ ಏನು ಉಂಡರೆಂಬುದಕ್ಕೆ ಮಾತ್ರ ಅದರಲ್ಲಿ ಕಾಲಂ ಇರಲಿಲ್ಲ. ಕಾಯಬಲ್ಲವನು ನಾನಾಗಿದ್ದೆ, ಕಾಯಲಾರದವರನ್ನು ಕಾಯಿಸಿದ್ದೆ.

ಪ್ರಿಯರೇ, ಕಾರ್ಖಾನೆಗಳನ್ನು ತೆರೆಯುವ ಮುಚ್ಚುವ ಅಧಿಕಾರ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಆದರೆ ಮನೆಗೆಲಸಕ್ಕೆ ಬರುವ ತಾಯಿ, ತೋಟದ ಆಳು, ಶಾಲೆಯ ಆಯಾ, ದೇವಾಲಯದ ಗಂಟೆ ಬಾರಿಸುವವನು, ಇವರಲ್ಲಿ ಒಬ್ಬರಾದರೂ ನಮ್ಮ ಕೈ ನೋಡುತ್ತಿರುತ್ತಾರೆ. "ನಾಳೆ ಬಾ" ಎಂಬ ಮಾತು ನಮಗೆ ಹಗುರ. ಅದನ್ನು ಹೇಳುವ ಮುನ್ನ ಅವರ ಮನೆಯಲ್ಲಿ ನಾಳೆಯವರೆಗೆ ಅಕ್ಕಿ ಇದೆಯೇ ಎಂದು ಒಮ್ಮೆ ಕೇಳೋಣ. ನಾನಂತೂ ಈಗ ಮನೆಭೇಟಿಗೆ ಹೋದಲ್ಲಿ ತಾಳ್ಮೆಯ ಉಪದೇಶಕ್ಕೆ ಮೊದಲು ಆ ಪ್ರಶ್ನೆಯನ್ನು ಕೇಳುವುದನ್ನು ಕಲಿಯುತ್ತಿದ್ದೇನೆ. ಸಂಜೆಯ ಕೂಲಿಯನ್ನು ಸಂಜೆಯೇ ಕೊಟ್ಟ ಆ ಒಡೆಯನು ನಮಗೆಲ್ಲ ಅಂಥ ಮನಸ್ಸನ್ನು ದಯಪಾಲಿಸಲಿ.