ಚುಚ್ಚಿದ ಕೂಡಲೇ

ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಪರದೆಯ ಮೇಲೆ ಕಿಟಕಿ ತೆರೆದುಕೊಂಡರೆ ಕಂಪ್ಯೂಟರ್ ಜಾಣ ಎನ್ನುತ್ತೇವೆ. ತೆರೆದುಕೊಳ್ಳದಿದ್ದರೆ ಪೆನ್‌ಡ್ರೈವ್ ಹೋಯ್ತು ಎನ್ನುತ್ತೇವೆ. ಎರಡೂ ಪೂರ್ತಿ ನ್ಯಾಯವಲ್ಲ. ತೆರೆಯುವುದೋ ಬಿಡುವುದೋ ಎಂಬುದು ಬಹುಪಾಲು ತೀರ್ಮಾನವಾಗಿರುವುದು ಅದನ್ನು ಫಾರ್ಮ್ಯಾಟ್ ಮಾಡಿದ ದಿನ.

ಫಾರ್ಮ್ಯಾಟ್ ಎಂದರೆ ಇದ್ದದ್ದನ್ನೆಲ್ಲ ಒರೆಸಿಹಾಕುವುದು ಎಂದು ಜನರ ನಂಬಿಕೆ. ನಾವು ಸಾಮಾನ್ಯವಾಗಿ ಒತ್ತುವ ಕ್ವಿಕ್ ಫಾರ್ಮ್ಯಾಟ್ ಅಷ್ಟು ಕಷ್ಟಪಡುವುದಿಲ್ಲ. ಹಳೆಯ ಪಹಣಿ ಹರಿದು ಹೊಸದು ಬರೆಯುತ್ತದೆ, ಬೆಳೆ ಹೊಲದಲ್ಲೇ ನಿಂತಿರುತ್ತದೆ. ಡೇಟಾ ರಿಕವರಿ ಅಂಗಡಿಗಳ ಜೀವನ ನಡೆಯುವುದು ಇದರಿಂದಲೇ.

ಹೊಸ ದಾಖಲೆಯನ್ನು ಯಾವ ಕ್ರಮದಲ್ಲಿ ಬರೆಯಬೇಕು? ಪೆನ್‌ಡ್ರೈವ್ ಯಾರ್ಯಾರ ಮನೆಗೆ ಹೋಗಿಬರಲಿದೆ ಎಂದು ಮೊದಲು ಕೇಳಿಕೊಳ್ಳಬೇಕು. 1996ರಲ್ಲಿ ವಿಂಡೋಸ್ 95ರ ಜೊತೆ ಬಂದ ಫ್ಯಾಟ್32 ಎಲ್ಲರಿಗೂ ಪರಿಚಿತ. ಕಾರಿನ ಸ್ಟೀರಿಯೊ, ಹಳೆಯ ಟೀವಿ, ಫ್ಲೆಕ್ಸ್ ಅಂಗಡಿಯ ಮುದಿ ಕಂಪ್ಯೂಟರ್, ಯಾವುದೂ ಅದನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಆದರೆ ಒಂದೇ ಫೈಲು 4 ಜಿಬಿ ಮುಟ್ಟಿತೋ, ಅದಕ್ಕೆ ಆಗದು. ಮದುವೆ ವಿಡಿಯೊ ತರಲು ಹೋದವರು 64 ಜಿಬಿ ಡ್ರೈವ್ ಖಾಲಿ ಬಿದ್ದಿದ್ದರೂ ‘ಫೈಲು ತುಂಬಾ ದೊಡ್ಡದು’ ಎಂಬ ಉತ್ತರ ಕೇಳಿ ಸ್ಟುಡಿಯೊದವರ ಮುಖ ನೋಡುವುದು ಇದಕ್ಕೇ. ಈ ಕಟ್ಟು ಬಿಡಿಸಲು ಮೈಕ್ರೋಸಾಫ್ಟ್ 2006ರಲ್ಲಿ ಎಕ್ಸ್‌ಫ್ಯಾಟ್ ತಂದಿತು. ಅದರ ವಿವರಗಳನ್ನು ಎಲ್ಲರಿಗೂ ತೆರೆದಿಟ್ಟದ್ದು ಮಾತ್ರ 2019ರಲ್ಲಿ. ಮರುವರ್ಷ ಲಿನಕ್ಸ್ ಕರ್ನೆಲ್ 5.7ರಲ್ಲಿ ಅದಕ್ಕೊಂದು ಒಳ್ಳೆಯ ಡ್ರೈವರ್ ಸೇರಿತು. ಊರೂರು ತಿರುಗುವ ಪೆನ್‌ಡ್ರೈವಿಗೆ ಈಗ ನಾನು ಕಣ್ಣುಮುಚ್ಚಿ ಹೇಳುವುದು ಎಕ್ಸ್‌ಫ್ಯಾಟನ್ನೇ.

ಲಿನಕ್ಸಿನವರ ಸ್ವಂತದ್ದು ಇಎಕ್ಸ್‌ಟಿ4. ಗಟ್ಟಿ ಆಸಾಮಿ, ಆದರೆ ಮಾಲೀಕತ್ವದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ರೂಟ್ ಎಂಬ ಸರ್ವಾಧಿಕಾರಿಯಾಗಿ ಫಾರ್ಮ್ಯಾಟ್ ಮಾಡಿದಿರೋ, ಡ್ರೈವ್ ತಾನಾಗಿ ಮೌಂಟ್ ಆಗಿ ಬಳಕೆಗೆ ತೆರೆದುಕೊಳ್ಳುತ್ತದೆ, ಕಿಟಕಿಯೂ ತೆರೆಯುತ್ತದೆ, ಒಂದು ಫೈಲು ಹಾಕಲು ಹೋದರೆ ಅನುಮತಿ ಇಲ್ಲ. ದುಡ್ಡು ಕೊಟ್ಟು ತಂದವರೇ ಹೊರಗಿನವರು! ಡ್ರೈವಿನ ಮಾಲೀಕತ್ವವನ್ನು ಚೌನ್ ಆಜ್ಞೆಯಿಂದ ನಿಮಗೆ ವರ್ಗಾಯಿಸಿಕೊಳ್ಳಬೇಕು. ತಮಾಷೆ ಏನೆಂದರೆ, ಅದರಲ್ಲಿ ದಾಖಲಾಗುವುದು ನಿಮ್ಮ ಹೆಸರಲ್ಲ, ಒಂದು ಸಂಖ್ಯೆ. ಉಬುಂಟುವಿನಲ್ಲಿ ಮೊದಲ ಬಳಕೆದಾರನಿಗೆ ಸಿಗುವುದು 1000. ಪಕ್ಕದ ಮನೆಯವರ ಉಬುಂಟುವಿನಲ್ಲೂ ಅದೇ 1000. ಅಲ್ಲಿ ಚುಚ್ಚಿದರೆ ಅವರೇ ಯಜಮಾನರು.

ತಾನಾಗಿ ಮೌಂಟ್ ಆಗುವುದು ಬೇರೆ, ಒಳಗಿರುವುದು ತಾನಾಗಿ ಓಡುವುದು ಬೇರೆ. ಹಳೆಯ ವಿಂಡೋಸ್ ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಲು ಹೋಗಿ, 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ವರ್ಮ್ ಪೆನ್‌ಡ್ರೈವ್ ಹತ್ತಿ ಊರೆಲ್ಲ ಸುತ್ತಿತು. ವಿಂಡೋಸ್ 7 ಬಂದ ಮೇಲೆ ಆ ಅತಿಥಿಸತ್ಕಾರ ನಿಂತಿತು. ಒಳ್ಳೆಯದೇ ಆಯಿತು.

ಲಿನಕ್ಸಿನಲ್ಲಿ ಸದಾ ಚುಚ್ಚಿಯೇ ಇರುವ ಬ್ಯಾಕಪ್ ಡ್ರೈವು ತಾನಾಗಿ ಮೌಂಟ್ ಆಗಬೇಕಾದರೆ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಬರೆಯಬೇಕು. ಅಲ್ಲಿ ಡ್ರೈವಿಗೆ ಲಿನಕ್ಸ್ ಕೊಟ್ಟ ಎಸ್‌ಡಿಬಿ1 ಎಂಬ ಹೆಸರು ಬರೆಯುವುದು ಮೂರ್ಖತನ. ಇನ್ನೊಂದು ಡ್ರೈವ್ ಮೊದಲು ಸಿಕ್ಕರೆ ಆ ಹೆಸರು ಅದರ ಪಾಲು. ಫಾರ್ಮ್ಯಾಟ್ ಮಾಡಿದಾಗ ಹುಟ್ಟುವ ಯುಯುಐಡಿ ಎಂಬ ಗುರುತನ್ನೇ ಬರೆಯಬೇಕು. ಡ್ರೈವ್ ಇಲ್ಲದಿದ್ದರೂ ಮುಂದೆ ಹೋಗು ಎನ್ನುವ ‘ನೋಫೇಲ್’ ಸೇರಿಸದಿದ್ದರೆ, ಅದನ್ನು ಕಿತ್ತಿಟ್ಟ ದಿನ ಕಂಪ್ಯೂಟರ್ ಶುರುವಾಗುವಾಗ 90 ಸೆಕೆಂಡ್ ದಾರಿ ಕಾದು, ಸಿಟ್ಟಾಗಿ ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುತ್ತದೆ.

ಡ್ರೈವಿಗೆ ಒಂದು ಹೆಸರನ್ನೂ ಇಡಿ. ಮೌಂಟ್ ಆದಾಗ ಫೋಲ್ಡರಿಗೆ ಅದೇ ಹೆಸರು ಬರುತ್ತದೆ. ಕನ್ನಡದಲ್ಲೂ ಇಡಬಹುದು, ಅಳತೆ ನೋಡಿಕೊಂಡು. ಇಎಕ್ಸ್‌ಟಿ4 ಕೊಡುವ ಜಾಗ 16 ಬೈಟ್. ನಮ್ಮ ಅಕ್ಷರಕ್ಕೆ ಮೂರು, ಕೊಂಬು ಒತ್ತುಗಳಿಗೆ ಬೇರೆ ಲೆಕ್ಕ. ‘ಮದುವೆ’ 15 ಬೈಟಿನಲ್ಲಿ ಹಿಡಿಯುತ್ತದೆ; ‘ಆರತಕ್ಷತೆ’ಗೆ ಎಕ್ಸ್‌ಫ್ಯಾಟೇ ಬೇಕು.