ಅಳತೆಗೋಲಿನ ಅಳತೆ

ಎಂಜಿನ್ನು ಹೊರಗೆಡಹುವ ಬಿಸಿ ಅನಿಲದಿಂದಲೇ ತಿರುಗಿ, ಅದರೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಸಾಧನವೇ ಟರ್ಬೋ. ಒತ್ತಡವು ಮಿತಿಯನ್ನು ಮುಟ್ಟಿದೊಡನೆ ಕವಾಟವೊಂದು ತೆರೆದು ಹೆಚ್ಚಿನ ಅನಿಲವನ್ನು ಪಕ್ಕಕ್ಕೆ ಹರಿಯಬಿಡುತ್ತದೆ. ಆ ಮಿತಿಯನ್ನು ಗೊತ್ತುಪಡಿಸುವುದು ಕಾರ್ಖಾನೆ. ಸ್ವೀಡನ್ನಿನ ಸಾಬ್ ಸಂಸ್ಥೆಯು 1977ರಲ್ಲಿ ಲೋಕದ ಮುಂದಿಟ್ಟ 99 ಟರ್ಬೋ ಕಾರಿಗೆ ಅದು ವಾತಾವರಣದ ಒತ್ತಡಕ್ಕಿಂತ ಸುಮಾರು 0.7 ಬಾರ್ ಹೆಚ್ಚಾಗಿತ್ತು.

ಅದರ ಅನಂತರ ಬಂದ 900 ಟರ್ಬೋ ಕಾರಿನ ಮಾಪಕದಲ್ಲಿ ಅಂಕೆಗಳಿಲ್ಲ. ಬಣ್ಣದ ಪಟ್ಟಿಗಳಷ್ಟೇ ಇವೆ. ಅದು ಚಾಲಕನಿಗೆ ಸೂಚನೆಯೇ ಹೊರತು ನಿಖರವಾದ ಅಳತೆಯಲ್ಲ. ನಾಲ್ಕು ದಶಕ ಕಳೆದ ಮೇಲೆ ರಬ್ಬರ್ ಕೊಳವೆ ಬಿರಿದು ಗಾಳಿ ಸೋರಬಹುದು. ಮುಳ್ಳೂ ದಾರಿ ತಪ್ಪಬಹುದು. ಮುಳ್ಳು ಮೇಲೇರದಿರುವುದನ್ನು ಕಂಡ ಒಡೆಯನು ಟರ್ಬೋ ಸೊರಗಿತೆಂದು ಬಗೆದು ಕವಾಟದ ಸರಳನ್ನು ಬಿಗಿಗೊಳಿಸುತ್ತಾನೆ. ಒತ್ತಡವು ನಿಜವಾಗಿಯೂ ಮಿತಿ ಮೀರುತ್ತದೆ. ಇಂಧನವು ಅಕಾಲದಲ್ಲಿ ಸಿಡಿದು ಪಿಸ್ಟನ್ನಿಗೆ ಕುತ್ತಾಗುತ್ತದೆ. ಒತ್ತಡ ಮೀರಿದಾಗ ಇಂಧನವನ್ನು ತಡೆಯುವ ಸ್ವಿಚ್ಚು ಇದ್ದರೂ ಅದೂ ಅಷ್ಟೇ ಹಳೆಯದು.

ಬಲ್ಲವನು ಮೊದಲು ಕೊಳವೆಯನ್ನು ಬದಲಿಸುತ್ತಾನೆ. ಬಳಿಕ ಪರೀಕ್ಷಿತವಾದ ಇನ್ನೊಂದು ಮಾಪಕವನ್ನು ಅದೇ ಕೊಳವೆಗೆ ಕವಲಾಗಿ ಜೋಡಿಸಿ, ಎರಡನ್ನೂ ಹೋಲಿಸಿ, ಆ ವರ್ಷದ ಕೈಪಿಡಿಯ ಅಂಕೆಯೊಡನೆ ತಾಳೆ ನೋಡುತ್ತಾನೆ. ಸರಳಿಗೆ ಕೈಹಚ್ಚುವುದು ಕಟ್ಟಕಡೆಗೆ. ಎಷ್ಟೋ ಸಲ ಅದರ ಅಗತ್ಯವೇ ಬೀಳುವುದಿಲ್ಲ. ಟರ್ಬೋ ನೆಟ್ಟಗಿದ್ದು ಸುಳ್ಳಾಡಿದುದು ಮುಳ್ಳೊಂದೇ ಎಂದು ತಿಳಿಯುತ್ತದೆ.

ಅಳೆಯುವ ಮುನ್ನ ಅಳತೆಗೋಲನ್ನೇ ಅಳೆದುಕೊಳ್ಳಬೇಕು. ಇದು ಯಂತ್ರಕ್ಕೆ ಮಾತ್ರವೇ ಸಲ್ಲುವ ಮಾತಲ್ಲ.