ಮನೆಲಿ ಒಂದು ಕೋವಿ, ಅದರ ಚಾಕ್ರಿ

ತೋಟ ಇಪ್ಪ ಮನೆಲಿ ಕೋವಿ ಇಪ್ಪದು ಹೊಸ ಸಂಗತಿ ಅಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ ಹೊಡೆಲಿ ಕಾಡಿನ ಕರೆಲಿ ಮನೆ ಇಪ್ಪೋರಿಂಗೆ ಇದರ ಆನು ಹೇಳಿಯೇ ಗೊಂತಾಯೆಕ್ಕು ಹೇಳಿ ಇಲ್ಲೆ. ಕೆಲವು ಮನೆಲಿ ಬೆಡಿ ಹೇಳ್ತವು, ಕೆಲವು ಮನೆಲಿ ಕೋವಿ ಹೇಳ್ತವು. ಎಂಗಳಲ್ಲಿ ಕೋವಿ. ಲೈಸೆನ್ಸಿನ ಪುಸ್ತಕಲ್ಲಿ 'ಬೆಳೆ ರಕ್ಷಣೆಗೆ' ಹೇಳಿ ಬರದ್ದವು. ಆದರೆ ಎನ್ನ ಅಪ್ಪಂಗೆ ಅದು ಬೆಳೆ ರಕ್ಷಣೆಂದ ಹೆಚ್ಚು ಒಂದು ಮರುಳು. ಕೆಲವು ಜೆನಕ್ಕೆ ಹಳೆ ಗಡಿಯಾರದ ಮರುಳು, ಕೆಲವು ಜೆನಕ್ಕೆ ಹಳೆ ಜೀಪಿನ ಮರುಳು ಇದ್ದಲ್ಲದಾ, ಹಾಂಗೆ.

ಮರುಳು ಹೇಳಿರೆ ಬೇಟೆಯ ಮರುಳು ಅಲ್ಲ, ಅದರ ಮದಲೇ ಹೇಳ್ತೆ. ಅಪ್ಪ° ಒಂದು ಪ್ರಾಣಿಯನ್ನೂ ಕೊಂದವು ಅಲ್ಲ. ಅವರ ಮರುಳು ಕೋವಿಯ ಬಿಚ್ಚುದು, ಉದ್ದುದು, ಎಣ್ಣೆ ಹಾಕುದು, ಪುನಾ ಜೋಡ್ಸುದು. ಈಡು ಬಿಡುದು ವರ್ಷಕ್ಕೆ ಹತ್ತೋ ಹದಿನೈದೋ, ಉದ್ದುದು ಮಾತ್ರ ತಿಂಗಳಿಂಗೆ ಎರಡು ಸರ್ತಿ.

ಕೋವಿ ಅಜ್ಜನ ಕಾಲದ್ದು. ಬರ್ಮಿಂಗ್‌ಹ್ಯಾಮಿಲಿ ಮಾಡಿದ 12 ಬೋರಿನ ಜೋಡು ನಳಿಗೆ, ಹೆರಾಣ ಹೊಡೆಲಿ ಎರಡು ಕುದುರೆ ಇಪ್ಪದು. ಒಬ್ಬ ಎಸ್ಟೇಟಿನವರತ್ರಂದ ಅಜ್ಜ° ತೆಗದ್ದಡ. 12 ಬೋರು ಹೇಳಿರೆ ಎಂತರ ಹೇಳಿ ಸಣ್ಣಾಗಿಪ್ಪಗ ಆನು ಕೇಳಿದ್ದಕ್ಕೆ ಅಪ್ಪ° ಹೇಳಿದ ಲೆಕ್ಕ ಈಗಳೂ ನೆಂಪಿದ್ದು. ಒಂದು ಪೌಂಡು ಸೀಸವ 12 ಸಮ ಉಂಡೆ ಮಾಡಿರೆ ಒಂದು ಉಂಡೆ ಎಷ್ಟು ದಪ್ಪ ಬತ್ತೋ, ನಳಿಗೆಯ ಒಟ್ಟೆ ಅಷ್ಟು ಅಗಲ. ಮಿಲಿಮೀಟರಿಲಿ ಹೇಳಿರೆ ಸುಮಾರು 18.5. ಹಾಂಗಾಗಿ 16 ಬೋರಿನ ಕೋವಿ 12ರಿಂದ ಸಣ್ಣ. ಅಂಕೆ ದೊಡ್ಡ ಆದಷ್ಟೂ ಒಟ್ಟೆ ಸಣ್ಣ ಅಪ್ಪದು ಎಂತಕ್ಕೆ ಹೇಳಿ ಅಂದು ಅರ್ಥ ಆತು.

ನಳಿಗೆಯ ಅಡಿಲಿ, ಮರದ ಭಾಗ ತೆಗದರೆ ಕಾಂಬ ಜಾಗೆಲಿ, ಸಣ್ಣ ಸಣ್ಣ ಮುದ್ರೆ ಇದ್ದು. ಬರ್ಮಿಂಗ್‌ಹ್ಯಾಮಿಲಿ 1813ರಲ್ಲಿ ಸುರು ಆದ ಪ್ರೂಫ್ ಹೌಸ್ ಹೇಳಿ ಒಂದಿದ್ದು. ಪ್ರತಿ ಕೋವಿಗೂ ಮಾಮೂಲಿಂದ ಹೆಚ್ಚು ಮದ್ದು ಹಾಕಿ ಹೊಡದು, ಒಡೆಯದ್ದೆ ನಿಂದರೆ ಮುದ್ರೆ ಹಾಕುದು. ಆ ಮುದ್ರೆಯ ಹತ್ತರೆ 2½ ಇಂಚು ಹೇಳಿ ಕೊರದ್ದು ಇದ್ದು. ಇದು ಗಟ್ಟಿ ನೆಂಪು ಮಡಿಕ್ಕೊಳೆಕ್ಕಾದ ಅಂಕೆ. ಹಳೆ ಕೋವಿಯ ತೋಟೆ ಕೂಪ ಜಾಗೆ 65 ಮಿಲಿಮೀಟರ್ ಉದ್ದ. ಈಗ ಅಂಗಡಿಲಿ ಸಿಕ್ಕುವ ತೋಟೆ ಹೆಚ್ಚಿಂದೂ 70 ಮಿಲಿಮೀಟರಿಂದು. ಆ 70 ಹೇಳುದು ಹೊಡದ ಮತ್ತೆ ಬಾಯಿ ಬಿಡುಸಿಗೊಂಡ ಮೇಗಾಣ ಅಳತೆ. ಹೊಡೆಯದ್ದ ತೋಟೆ ಬಾಯಿ ಮಡಿಸಿಗೊಂಡು ಗಿಡ್ಡ ಇರ್ತು, ಹಾಂಗಾಗಿ ಹಳೆ ಕೋವಿಗೂ ಚೆಂದಕೆ ಕೂರ್ತು, ಮುಚ್ಚಲೂ ಮುಚ್ಚುತ್ತು. ಜೆನಂಗೊ ಸರಿ ಇದ್ದು ಹೇಳಿ ಗ್ರೇಶುತ್ತವು. ಹೊಡವಗ ಮಾತ್ರ ಬಾಯಿ ಬಿಡುಸಲೆ ಜಾಗೆ ಸಾಕಾವುತ್ತಿಲ್ಲೆ, ಒಳ ಒತ್ತಡ ಏರ್ತು. ಕೂದತ್ತು ಹೇಳಿ ಹೊಡವದು ಅಲ್ಲ, ಅಂಕೆ ನೋಡಿ ಹೊಡವದು ಹೇಳಿ ಅಪ್ಪ° ಲೆಕ್ಕ ಇಲ್ಲದ್ದಷ್ಟು ಸರ್ತಿ ಹೇಳಿದ್ದವು.

ಇನ್ನು ಚಾಕ್ರಿಯ ಸಂಗತಿ. ನಮ್ಮ ಊರಿನ ಮಳೆಗಾಲ ಕಬ್ಬಿಣಕ್ಕೆ ಶತ್ರು. ಜೂನಿಂದ ಸೆಪ್ಟೆಂಬರ್ ವರೆಗೆ ಗೋಡೆಯೇ ಬೆಗರುತ್ತು, ಕೋವಿ ಬಿಡುಗಾ? ಎಂಗಳಲ್ಲಿ ನಡಕ್ಕೊಂಡು ಬಂದ ಕ್ರಮ ಹೀಂಗೆ. ಮದಾಲು ಎರಡೂ ನಳಿಗೆ ಖಾಲಿ ಇದ್ದಾ ಹೇಳಿ ಬಿಚ್ಚಿ ಬೆಣಚ್ಚಿಂಗೆ ಹಿಡುದು ನೋಡುದು. ಒಬ್ಬ° ನೋಡಿದ್ದು ಸಾಲ, ಹತ್ತರೆ ಇಪ್ಪೋನುದೆ ನೋಡೆಕ್ಕು. ಮತ್ತೆ ಗಜಕ್ಕೆ ಹತ್ತಿವಸ್ತ್ರ ಸುಂದಿ ನಳಿಗೆಯ ಒಳ ಎಳವದು. ಬುಡಂದ ಬಾಯಿಯ ಹೊಡೆಂಗೆ ಎಳೆಯೆಕ್ಕು, ಇಲ್ಲದ್ರೆ ಕೊಳೆ ಪೂರಾ ಯಂತ್ರದ ಒಳ ಹೋಗಿ ಕೂರ್ತು. ಮತ್ತೆ ಹೊಲಿಗೆ ಮಿಷನಿನ ಎಣ್ಣೆ, ಅದೂ ರಜ. ತೆಂಗಿನೆಣ್ಣೆ ಹಾಕಿರೆ ಎಂತಾವುತ್ತು ಹೇಳಿ ಕೇಳುವವು ಇದ್ದವು. ಚಳಿಗೆ ಅದು ಮರಗಟ್ಟುತ್ತು, ದಿನ ಹೋದ ಹಾಂಗೆ ಅಂಟುತ್ತು, ಸ್ಪ್ರಿಂಗು ಜಡ ಆವುತ್ತು. ಮರಕ್ಕೆ ವರ್ಷಕ್ಕೊಂದರಿ ಅಗಸೆ ಎಣ್ಣೆ, ಅಂಗೈಲಿ ಉದ್ದಿ ಉದ್ದಿ ಬೆಶಿ ಮಾಡಿ ಹಿಡಿಶುದು.

ಕಪಾಟಿಲಿ ಮಡುಗುವಗ ನಳಿಗೆಯ ಬಾಯಿ ಕೆಳ ಮಾಡಿ ಮಡುಗುದು. ಇದು ಎಂತಕ್ಕೆ ಹೇಳಿ ಹೊಸಬ್ಬಂಗೆ ಅರ್ಥ ಆಗ. ಬಾಯಿ ಮೇಲೆ ಮಾಡಿರೆ ಎಣ್ಣೆ ಇಳುದು ಇಳುದು ಮರದ ಕುತ್ತಿಗೆಗೆ ಹೋವುತ್ತು, ಮರ ಮೆತ್ತಂಗಾವುತ್ತು, ಒಂದು ದಿನ ಅಲ್ಲಿಯೇ ಬಿರಿತ್ತು. ಚರ್ಮದ ಚೀಲಲ್ಲಿ ಹಾಕಿ ಮಡುಗುಲಂತೂ ಆಗಲೇ ಆಗ. ಚರ್ಮ ಪಸೆ ಹಿಡ್ಕೊಂಡು ಮಳೆಗಾಲ ಮುಗಿವಗ ಕೋವಿಯ ಮೈ ಪೂರಾ ತುಕ್ಕಿನ ಬೊಟ್ಟು ಮಾಡಿರ್ತು.

ರಿಪೇರಿ ಹೇಳಿರೆ ನಮ್ಮ ದೇಶಲ್ಲಿ ಎಲ್ಲವನ್ನೂ ಮನೆಲಿ ಮಾಡ್ಲೆ ಇಲ್ಲೆ. 1959ರ ಆಯುಧ ಕಾನೂನಿನ ಪ್ರಕಾರ ಕೋವಿ ರಿಪೇರಿಯ ಕಸುಬು ಮಾಡ್ಲೆ ಬೇರೆ ಲೈಸೆನ್ಸು ಬೇಕು. ಅಪ್ಪ° ಪಿನ್ನು ಸವದರೆ, ನಳಿಗೆಯ ಕೀಲು ಸಡಿಲ ಆದರೆ, ಕಾಗದಪತ್ರ ಹಿಡ್ಕೊಂಡು ಮಂಗಳೂರಿಂಗೆ ಹೋಗಿ ಲೈಸೆನ್ಸು ಇಪ್ಪ ಒಬ್ಬ ಹಳೆ ಕಸುಬಿನವರತ್ರೆ ಕೊಡುಗು. ಕೊಟ್ಟಿಕ್ಕಿ ಬಪ್ಪಲಿಲ್ಲೆ, ಅಲ್ಲಿಯೇ ಸ್ಟೂಲು ಹಾಕಿ ಕೂದು ನೋಡುಗು. ಕೀಲು ಸಡಿಲ ಆಯಿದಾ ಹೇಳಿ ನೋಡ್ಲೆ ಅಲ್ಲಿ ಕಲ್ತ ಉಪಾಯ ಒಂದಿದ್ದು. ಮುಂದಾಣ ಮರ ತೆಗದು, ಕೋವಿ ಮುಚ್ಚಿ, ಬುಡ ಹಿಡುದು ಮೆಲ್ಲಂಗೆ ಹಂದುಸುದು. ಒಳಂದ ಟಿಕ್ ಟಿಕ್ ಹೇಳಿ ಶಬ್ದ ಬಂದರೆ ಇನ್ನು ಅದರಲ್ಲಿ ಹೊಡವಲಾಗ.

ಎನ್ನ ಭಾವನ ಮಗ° ಒಬ್ಬ° ಇದ್ದ°, ಮೊಬೈಲಿಲಿ ಅಮೇರಿಕದ ಕೋವಿಗಳ ವಿಡಿಯೋ ನೋಡುವವ°. "ಅಜ್ಜಾ, ಇದಕ್ಕೊಂದು ದುರ್ಬೀನು ಹಾಕ್ಸಿ, ನಳಿಗೆ ರಜ ಗಿಡ್ಡ ಮಾಡ್ಸಿ, ಹಗೂರ ಅಕ್ಕು" ಹೇಳಿದ°. ಅಪ್ಪ° ನೆಗೆ ಮಾಡಿಕ್ಕಿ ಹೇಳಿದವು, "ನಳಿಗೆ ಗಿಡ್ಡ ಮಾಡಿರೆ ಕೋವಿ ಹಗೂರ ಅಕ್ಕು, ಆನು ಜೈಲಿಲಿ ಕೂರೆಕ್ಕಕ್ಕು ಮಾಣಿ." ಅದು ತಮಾಷೆಗೆ ಹೇಳಿದ್ದಲ್ಲ. ಲೈಸೆನ್ಸು ಇಲ್ಲದ್ದೆ ನಳಿಗೆ ಕತ್ತರುಸುದು ಅದೇ ಕಾನೂನಿಲಿ ಅಪರಾಧ. ಮತ್ತೆ ಆ ನಳಿಗೆಯ ಬಾಯಿಲೇ ಇದ್ದನ್ನೆ ಕೋವಿಯ ಬುದ್ಧಿ. ಬಲದ ನಳಿಗೆಯ ಬಾಯಿ ರಜ ಬಿಡುಸು, ಎಡದ್ದು ರಜ ಸಪುರ. ಸಪುರ ಬಾಯಿಂದ ಹೋದ ಚರೆ ದೂರದ ವರೆಗೆ ಒಟ್ಟಿಂಗೆ ಹೋವುತ್ತು, ಬಿಡುಸು ಬಾಯಿಂದು ಬೇಗ ಹರಡುತ್ತು. ಕತ್ತರುಸಿರೆ ಎರಡೂ ಹೋತು.

ಹಾಂಗಾರೆ ಸುಧಾರಣೆ ಹೇಳುದೇ ಇಲ್ಲೆಯಾ? ಇದ್ದು. ಅಪ್ಪ° ಮಾಡಿದ್ದು ಮೂರು. ಹೆಗಲಿಂಗೆ ತಾಗುವಲ್ಲಿ ರಬ್ಬರಿನ ಪಟ್ಟಿ ಹಾಕ್ಸಿದವು. ನಳಿಗೆಯ ತುದಿಲಿ ಉದುರಿ ಹೋದ ಹಿತ್ತಾಳೆ ಮಣಿಯ ಪುನಾ ಕೂರ್ಸಿದವು. ಕುದುರೆ ಬಿಟ್ಟು ನೋಡುವಗ ಪಿನ್ನಿಂಗೆ ಪೆಟ್ಟಾಗದ್ದ ಹಾಂಗೆ ಎರಡು ಡಮ್ಮಿ ತೋಟೆ ತೆಗದವು. ಮೂವತ್ತು ವರ್ಷಲ್ಲಿ ಇಷ್ಟೇ.

ಈಗ ಅದರ ಉಪಯೋಗ ಎಂತರ ಹೇಳಿರೆ, ಶಬ್ದ. 1972ರ ವನ್ಯಜೀವಿ ಕಾನೂನು ಬಂದ ಮತ್ತೆ ಹಂದಿಯನ್ನೋ ಮಂಗನನ್ನೋ ಬೇಕಾದ ಹಾಂಗೆ ಹೊಡವಲಿಲ್ಲೆ. ಇರುಳು ಹಂದಿ ಬಾಳೆಯ ಬುಡ ಒಕ್ಕುವಗ, ಉದಿಯಪ್ಪಗ ಮಂಗಂಗೊ ಬೊಂಡ ಕಿತ್ತು ಇಡ್ಕುವಗ, ಒಂದು ಈಡು ಶಬ್ದ ಬಿಡುದು. ಹಂದಿ ನಾಕು ದಿನ ಬತ್ತಿಲ್ಲೆ. ಮಂಗಂಗೊ ಅಷ್ಟು ಪೆದ್ದು ಅಲ್ಲ. ಕೊಡೆ ಹಿಡ್ಕೊಂಡು ಹೋದರೆ ಕೂದಲ್ಲಿಂದ ಹಂದವು, ಕೋವಿ ಕಂಡರೆ ಮಾತ್ರ ಗುಡ್ಡೆ ಹತ್ತುಗು. ಅಪ್ಪ° ಹೆಚ್ಚಿನ ದಿನವೂ ಖಾಲಿ ಕೋವಿ ಹಿಡ್ಕೊಂಡು ತೋಟಕ್ಕೆ ಒಂದು ಸುತ್ತು ಬಕ್ಕು, ಅಷ್ಟೇ ಸಾಕಾವುತ್ತು.

ಮತ್ತೊಂದು ಬಂಙ, ಓಟು. ಚುನಾವಣೆ ಘೋಷಣೆ ಆದ ಕೂಡ್ಲೆ ಕೋವಿಯ ಒಪ್ಪುಸಿ ಹೇಳಿ ನೋಟೀಸು ಬತ್ತು. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ, ಎರಡು ವರ್ಷವೂ ಬೇಸಗೆಲಿ ಕೋವಿ ಠಾಣೆಲಿ ಇತ್ತು. ಒಂದರಿ ವಾಪಾಸು ಬಪ್ಪಗ ನಳಿಗೆಯ ಮೇಲೆ ಆರೋ ಬೆಗರು ಕೈಲಿ ಹಿಡುದ ಬೆರಳಿನ ಗುರ್ತ, ತುಕ್ಕಾಗಿ ಕೂದಿತ್ತು. ಅಪ್ಪ° ಆರ ಮೇಲೆಯೂ ಪಿಸುರು ಮಾಡಿದ್ದವಿಲ್ಲೆ, ಜೆಗಿಲಿಲಿ ಕೂದು ಎರಡು ದಿನ ಉದ್ದಿದವು. ಕೊಡಗಿನ ಕತೆ ಬೇರೆ. ಕೊಡವರಿಂಗೂ ಜಮ್ಮಾ ಭೂಮಿ ಇಪ್ಪೋರಿಂಗೂ ಲೈಸೆನ್ಸಿನ ವಿನಾಯತಿ ಇದ್ದು, 2019ರಲ್ಲಿ ಅದರ ಇನ್ನೂ 10 ವರ್ಷಕ್ಕೆ ಮುಂದುವರುಸಿದ್ದವು. ಅಲ್ಲಿ ಕೈಲ್ ಪೊಳ್ದಿಂಗೆ ಕೋವಿಗೆ ಹೂಗು ಮಡುಗಿ ಪೂಜೆ ಮಾಡ್ತವು. ನವಗೆ ಆಯುಧ ಪೂಜೆಗೆ ಕತ್ತಿ, ಪಿಕ್ಕಾಸು, ಪಂಪಿನ ಒಟ್ಟಿಂಗೆ ಅದೂ ಒಂದು.

ಅಪ್ಪಂಗೆ 74 ಆತು. ಎರಡು ವರ್ಷಂದ ಬಲದ ಕೈ ನಡುಗುತ್ತು. ಚಾಯದ ಗ್ಲಾಸು ಎರಡು ಕೈಲಿ ಹಿಡಿತ್ತವು. ಒಂದು ದಿನ ಅವ್ವೇ ಹೇಳಿದವು, "ಇನ್ನು ಇದು ಎನ್ನ ಕೈಲಿ ಇಪ್ಪಲಾಗ. ನೀನು ಮಾಡ್ಸಿಗೊಳ್ತೆಯಾ, ಅಲ್ಲ ಸರಕಾರಕ್ಕೆ ಕೊಟ್ಟಿಕ್ಕುವನಾ?"

2016ರ ನಿಯಮಲ್ಲಿ ಇದಕ್ಕೆ ದಾರಿ ಇದ್ದು. ಲೈಸೆನ್ಸುದಾರಂಗೆ 70 ವರ್ಷ ಆದರೆ, ಅಲ್ಲದ್ರೆ ಕೋವಿ 25 ವರ್ಷ ಅವರ ಹತ್ತರೆ ಇದ್ದರೆ, ಅವು ಬದುಕಿಪ್ಪಗಳೇ ವಾರಸುದಾರಂಗೆ ಕೊಡ್ಲಕ್ಕು. ತೀರಿಹೋದ ಮತ್ತೆ ಮಾಡುದು ಇನ್ನೂ ಬಂಙ. ನೆರೆಕರೆಲಿ ಒಬ್ಬರು ತೀರಿಗೊಂಡಪ್ಪಗ ಮಕ್ಕೊ ಪೂರಾ ಪರವೂರಿಲಿ, ಆರೂ ಅರ್ಜಿ ಹಾಕಿದ್ದವಿಲ್ಲೆ. ಒಪ್ಪುಸಿದ ಕೋವಿ ಹಾಂಗೇ ಹೋತು.

ಆನು ಅಕ್ಕು ಹೇಳುವಂದ ಮದಲೇ ಅಬ್ಬೆ ಬೇಡ ಹೇಳಿತ್ತು. ಅಬ್ಬೆಯ ಬೇಡಕ್ಕೆ ಕಾರಣ ಇದ್ದು. ಅಬ್ಬೆಯ ಅಣ್ಣಂಗೆ, ಎನ್ನ ಸೋದರಮಾವಂಗೆ, ಎಡದ ಕೈಲಿ ಎರಡು ಬೆರಳು ಇಲ್ಲೆ. ಪ್ರಾಯಲ್ಲಿ ಆರದ್ದೋ ಊರಿಲಿ ಮಾಡಿದ ಕೇಪಿನ ಕೋವಿಲಿ ಹೊಡವಲೆ ಹೋಗಿ ನಳಿಗೆ ಒಡದ್ದು. ಆ ದಿನ ನೆತ್ತರು ತೊಳದ್ದು ಹತ್ತು ವರ್ಷದ ಕೂಸು ಆಗಿತ್ತಿದ್ದ ಅಬ್ಬೆ. "ನಿನ್ನ ಅಪ್ಪನ ಕಾಲಕ್ಕೆ ಆನು ಬಾಯಿ ಮುಚ್ಚಿ ಕೂದೆ. ಈಗ ಮನೆಲಿ ಪುಳ್ಳಿ ಇದ್ದು" ಹೇಳಿತ್ತು. ಬೆಂಗಳೂರಿಲಿ ಇಪ್ಪ ತಮ್ಮಂದೂ ಅದೇ ಮಾತು, "ಪಟಾಕಿ ಹೊಟ್ಟುಸು ಅಣ್ಣ, ಮಂಗ ಓಡುಗು."

ಅಬ್ಬೆ ಹೇಳಿದ್ದರ್ಲಿ ಲೊಟ್ಟೆ ಇಲ್ಲೆ. ಕೋವಿ ಇಪ್ಪ ಮನೆಲಿ ಕೋಪವೂ ಇರ್ತು, ಬೇಜಾರವೂ ಇರ್ತು, ಮಕ್ಕಳೂ ಇರ್ತವು. ಅದರ ಪ್ರೂಫ್ ಹೌಸಿನ ಮುದ್ರೆ ತಡೆತ್ತಿಲ್ಲೆ. ಎಂಗೊ ಒಂದು ವಾರ ಮಾತಾಡಿದೆಯೊ°. ಹೆಂಡತ್ತಿ ಒಂದೇ ಕೇಳಿತ್ತು, "ನಿಂಗೊಗೆ ಅದು ಬೇಕಾದ್ದು ತೋಟಕ್ಕಾ, ಅಪ್ಪಂಗಾ?" ಎರಡಕ್ಕೂ ಹೇಳಿದೆ.

ಅಕೇರಿಗೆ ದಾರಿ ಮಾಡಿ ಕೊಟ್ಟದು ಅಬ್ಬೆಯೇ. ಕೋವಿ ಒಂದು ಕಬ್ಬಿಣದ ಕಪಾಟಿಲಿ, ತೋಟೆ ಬೇರೆ ಕೋಣೆಲಿ ಬೇರೆ ಕಪಾಟಿಲಿ. ಕೋವಿಯ ಬೀಗದಕೈ ಎನ್ನತ್ರೆ, ತೋಟೆದು ಅಬ್ಬೆಯತ್ರೆ. ತೋಟೆ ಎಷ್ಟು ಬಂತು, ಎಷ್ಟು ಮುಗುದತ್ತು ಹೇಳಿ ಹಾಲಿನ ಲೆಕ್ಕದ ಪುಸ್ತಕಲ್ಲಿ ಅಬ್ಬೆ ಬರವದು. ಆರಿಂಗಾದರೂ ಪಿಸುರು ಬಂದ ದಿನ ಕೇಳಿರೆ ಬೀಗದಕೈ ಇಲ್ಲೆ. "ಇದಕ್ಕೆ ಒಪ್ಪುತ್ತರೆ ಅರ್ಜಿ ಹಾಕು."

ಹಾಕಿದೆ. ತರಬೇತಿಯ ಸರ್ಟಿಫಿಕೇಟು, ಡಾಕ್ಟ್ರ ಕಾಗದ, ಆರ್‌ಟಿಸಿ, ಪೋಲೀಸು ವಿಚಾರಣೆ, ಪೂರಾ ಆಗಿ ಜಿಲ್ಲಾಧಿಕಾರಿಯ ಕಚೇರಿಂದ ಪುಸ್ತಕ ಬಪ್ಪಗ ಎಂಟು ತಿಂಗಳು. 2019ರ ತಿದ್ದುಪಡಿಯ ಮತ್ತೆ ಲೈಸೆನ್ಸಿನ ಅವಧಿ 3 ವರ್ಷ ಇದ್ದದು 5 ಆಯಿದು, ಅದೊಂದು ಸಮಾಧಾನ. ಒಬ್ಬಂಗೆ ಮೂರು ಕೋವಿ ಇಪ್ಪಲಕ್ಕು ಹೇಳಿ ಇದ್ದದರ ಎರಡು ಮಾಡಿದ್ದವು. ಎಂಗೊಗೆ ಒಂದೇ ಹೆಚ್ಚಾತು.

ಅಪ್ಪ° ಬಿಟ್ಟುಕೊಡುವ ಕಾಗದಕ್ಕೆ ದಸ್ಕತ್ತು ಹಾಕುವಗ ಕೈ ನಡುಗಿತ್ತು, ಅದು ಕಾಯಿಲೆಯ ನಡುಕವೇ ಆಗಿಕ್ಕು. ಎಂತದೂ ಮಾತಾಡಿದ್ದವಿಲ್ಲೆ. ಹೊಸ ಪುಸ್ತಕ ಬಂದ ದಿನ ಹೊತ್ತೋಪಗ ಎನ್ನತ್ರೆ ಮೆಲ್ಲಂಗೆ ಕೇಳಿದವು, "ಉದ್ದುಲೆ ಎನಗೆ ಕೊಡುವೆಯಾ?" ಐವತ್ತು ವರ್ಷ ಅವರದ್ದೇ ಆಗಿತ್ತಿದ್ದ ಕೋವಿ. ಈಗ ತಿಂಗಳಿಂಗೆ ಎರಡು ಸರ್ತಿ ಆನು ಕಪಾಟು ತೆಗದು, ಖಾಲಿ ಇದ್ದು ಹೇಳಿ ಇಬ್ರೂ ನೋಡಿ, ಹತ್ತರೆ ಕೂರ್ತೆ. ಅಪ್ಪ° ಉದ್ದುತ್ತವು. ಗಜ ಎಳವಲೆ ಕೈ ಕೇಳದ್ದಲ್ಲಿ ಆನು ಎಳೆತ್ತೆ, ಅವು "ಬುಡಂದ, ಬುಡಂದ" ಹೇಳ್ತವು.

ಮಗಳು ವಸ್ತ್ರ ಹರುದು ಕೊಡ್ತು. "ಆನುದೆ ಮಾಡ್ಸಿಗೊಂಬಲಕ್ಕಾ?" ಕೇಳಿತ್ತು ಮೊನ್ನೆ. 21 ವರ್ಷ ಆಯೆಕ್ಕು ಹೇಳಿದೆ. ಇನ್ನು ಏಳು ವರ್ಷ ಇದ್ದು. ಅಬ್ಬೆ ಒಳಂದಲೇ ಹೇಳಿತ್ತು, "ಅಷ್ಟಪ್ಪಗ ಬೀಗದಕೈ ಆರತ್ರೆ ಇರ್ತು ಹೇಳಿ ಮದಾಲು ತೀರ್ಮಾನ ಆಗಲಿ."

ನಿಂಗಳ ಮನೆಲಿಯೂ ಅಜ್ಜನ ಹೆಸರಿಲಿ ಕೋವಿ ಇದ್ದರೆ, ಮಳೆಗಾಲಕ್ಕೆ ಮದಲು ಒಂದರಿ ಕಪಾಟು ತೆಗದು ನೋಡಿ. ತುಕ್ಕು ಮಾತ್ರ ನೋಡಿರೆ ಸಾಲ, ಲೈಸೆನ್ಸಿನ ತಾರೀಕನ್ನೂ ನೋಡಿಕ್ಕಿ.